ಅಬ್ಬೆ ದುಬಾ

ಅಬ್ಬೆ ದುಬಾ (ಪೂರ್ಣ ಹೆಸರು ಜಾನ್ ಆಂತ್ವಾನ್ ದುಬಾ, 1765/66–1848) ಫ್ರಾನ್ಸ್ ದೇಶದ ಕ್ಯಾಥೊಲಿಕ್ ಧರ್ಮಗುರು. 1792ರಿಂದ 1823ರವರೆಗೆ ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಹೆಚ್ಚಾಗಿ ಮೈಸೂರು ಸೀಮೆಯಲ್ಲಿ, ಧರ್ಮಸೇವೆ ಮಾಡಿದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥವು ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಾದ್ಯಂತ ಪ್ರಸಿದ್ಧವಾಯಿತು. ಹಾಸನದ ಸಮೀಪದ ಸಾತಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯೊಂದನ್ನು ಸ್ಥಾಪಿಸಿದುದು ಹಾಗೂ ಮೈಸೂರು ಸೀಮೆಯಲ್ಲಿ ಸಿಡುಬಿನ ವಿರುದ್ಧ ಲಸಿಕೆ ಹಾಕುವ ಪದ್ಧತಿಯನ್ನು ಹರಡಿದುದು ಅವರ ಇನ್ನೆರಡು ಮುಖ್ಯ ಕಾರ್ಯಗಳು. ಭಾರತದಲ್ಲಿ ಕ್ರೈಸ್ತ ಧರ್ಮಪ್ರಚಾರವು ಫಲಿಸಲಾರದೆಂದು ವಾದಿಸಿ ಅವರು ಭಾರತವನ್ನು ಬಿಟ್ಟ ಮೇಲೆ ಪ್ರಕಟಿಸಿದ ಪತ್ರಗಳು ಆಂಗ್ಲಿಕನ್ ಹಾಗೂ ಇತರ ಪ್ರಾಟೆಸ್ಟಂಟ್ ಧರ್ಮಪ್ರಚಾರಕರ ತೀವ್ರ ವಿರೋಧಕ್ಕೆ ಗುರಿಯಾದವು. ಮೈಸೂರು ಸೀಮೆಯ ಜನರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು.

ಹೆಸರು

ಅಬ್ಬೆ ಎಂಬುದು ಫ್ರೆಂಚ್ ಭಾಷೆಯಲ್ಲಿ ಧರ್ಮಗುರುಗಳ ಹೆಸರಿನ ಹಿಂದೆ ಸೇರುವ ಗೌರವವಾಚಕ. ಹಳಗನ್ನಡದಲ್ಲಿ ತಾಯಿ ಎಂಬ ಅರ್ಥವುಳ್ಳ ಅಬ್ಬೆ ಎಂಬ ಪದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ದುಬಾ ಎಂಬ ಮನೆತನದ ಹೆಸರನ್ನು ಕನ್ನಡದಲ್ಲಿ ದುಬಾಯ್, ಡುಬಾಯ್, ಡುಬೋಯಿಸ್ ಎಂದೂ ಬರೆಯುವುದುಂಟು. ಇವೆಲ್ಲ ಒಬ್ಬರೇ ವ್ಯಕ್ತಿಯನ್ನು ಸೂಚಿಸುತ್ತವೆ.

ಜನನ ಮತ್ತು ಗುರುದೀಕ್ಷೆ

ದುಬಾ ಅವರು ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರದೇಶದ ಸೇಂಟ್ ರೆಮೆಜ್ ಎಂಬ ಹಳ್ಳಿಯವರು. 1766ರ ಜನವರಿ 10ರಂದು ಅವರಿಗೆ ದೀಕ್ಷಾಸ್ನಾನವಾಯಿತು. ವಿವಿಯೆ ಧರ್ಮಪ್ರಾಂತ್ಯದಲ್ಲಿ ವ್ಯಾಸಂಗ ಮಾಡಿ 1792ರಲ್ಲಿ ಗುರುದೀಕ್ಷೆ ಪಡೆದರು.

ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. 1790ರಲ್ಲಿ ಹೊರಡಿಸಿದ ಶಾಸನವೊಂದು ಅಲ್ಲಿನ ಧರ್ಮಸಭೆಯನ್ನು ಸರ್ಕಾರದ ಒಂದು ಇಲಾಖೆಯಂತೆ ಮಾರ್ಪಡಿಸಿತ್ತು. ಬಿಷಪ್ಪರನ್ನೂ ಪಾದ್ರಿಗಳನ್ನೂ ಚುನಾವಣೆಯ ಮೂಲಕ ಆರಿಸಬೇಕು, ಅವರು ರಾಷ್ಟ್ರಕ್ಕೆ ನಿಷ್ಠೆಯ ಪ್ರತಿಜ್ಞೆ ಸ್ವೀಕರಿಸಬೇಕು, ಸಂಬಳವನ್ನು ಸರ್ಕಾರದಿಂದ ಪಡೆಯಬೇಕು ಎಂಬುದು ಅದರ ವಿಧಿ. ಪೋಪರು ಅದನ್ನು ಖಂಡಿಸಿದರು. ಪ್ರತಿಜ್ಞೆಗೆ ಒಪ್ಪದ ಪಾದ್ರಿಗಳು ದೇಶ ಬಿಡಬೇಕಾಯಿತು; 1792ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಅನೇಕ ಪಾದ್ರಿಗಳು ಹತರಾದರು. ಗುರುದೀಕ್ಷೆ ಪಡೆದ ವರ್ಷದಲ್ಲಿಯೇ ದುಬಾ ಅವರು ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಘವನ್ನು ಸೇರಿ ಭಾರತಕ್ಕೆ ಹಡಗು ಹತ್ತಿದರು.

ಭಾರತಕ್ಕೆ ಆಗಮನ

ಈ ಸಂಘವು ಹದಿನೇಳನೆಯ ಶತಮಾನದಲ್ಲಿ ಸ್ಥಾಪಿತವಾದುದು. ದಕ್ಷಿಣ ಭಾರತದ ಕ್ಯಾಥೊಲಿಕ್ ಧರ್ಮಕೇಂದ್ರಗಳನ್ನು ಅದುವರೆಗೆ ಮುಖ್ಯವಾಗಿ ನೋಡಿಕೊಳ್ಳುತ್ತಿದ್ದವರು ಜೆಸ್ಯೂಟ್ ಪಾದ್ರಿಗಳು. 1773ರಲ್ಲಿ ಪೋಪರು ಜೆಸ್ಯೂಟ್ ಸಂಘವನ್ನೇ ವಿಸರ್ಜಿಸಿದ ಮೇಲೆ ಪುದುಚೇರಿಯ ಧರ್ಮಪ್ರಚಾರದ ಹೊಣೆ ಪ್ಯಾರಿಸ್ ಸಂಘದ ಪಾಲಿಗೆ ಬಂತು. ದುಬಾ ಅವರು ಮೊದಲು ಪುದುಚೇರಿಗೆ ಬಂದು, ತಮಿಳು ಸೀಮೆಯ ಹಳ್ಳಿಗಳಲ್ಲಿ ಕೆಲವು ವರ್ಷ ಕೆಲಸ ಮಾಡಿದರು.

ಯುರೋಪಿಯನ್ನರ ಸಹವಾಸವನ್ನು ಅವರು ಬಹುಮಟ್ಟಿಗೆ ತೊರೆದು ಹಳ್ಳಿಯ ಜನರ ನಡುವೆ ವಾಸಿಸಿದರು. ಈ ನಾಡಿನವರಂತೆ ನಿಲುವಂಗಿ ತೊಟ್ಟು, ತಲೆಗೆ ಪೇಟ ಸುತ್ತಿ, ಕೈಯಲ್ಲಿ ಕೋಲು ಹಿಡಿದು ಸಂಚರಿಸುತ್ತಿದ್ದರು. ಊಟ ಉಪಚಾರಗಳಲ್ಲಿಯೂ ಸುತ್ತಲಿನವರ ಮನಸ್ಸಿಗೆ ನೋವಾಗದಂತೆ ನಡೆದುಕೊಳ್ಳುತ್ತಿದ್ದರು. ಐರಿಷ್ ಚಿತ್ರಕಾರ ಥಾಮಸ್ ಹಿಕ್ಕಿ ಬಿಡಿಸಿದ ಅವರ ಭಾವಚಿತ್ರದಲ್ಲಿ ಈ ವೇಷವನ್ನೇ ಕಾಣಬಹುದು. ಜನರ ವಿಶ್ವಾಸವನ್ನು ಗಳಿಸಲು ಮಾತ್ರವಲ್ಲದೆ, ಮುಂದೆ ಅವರು ಬರೆದ ಗ್ರಂಥಕ್ಕೆ ವಿಷಯ ಸಂಗ್ರಹಿಸಲೂ ಈ ಜೀವನಕ್ರಮ ಸಹಾಯಕವಾಯಿತು.

ಮೈಸೂರು ಸೀಮೆಯಲ್ಲಿ

ಮೈಸೂರು ಸೀಮೆಯಲ್ಲಿ ಕ್ರೈಸ್ತ ಧರ್ಮವು ದುಬಾ ಅವರಿಗಿಂತ ಒಂದೂವರೆ ಶತಮಾನದಷ್ಟು ಹಿಂದೆಯೇ ಕಾಲಿರಿಸಿತ್ತು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಧರ್ಮಕೇಂದ್ರವನ್ನು ಆರಂಭಿಸಿದ್ದರು. ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಈ ಸಮುದಾಯ ಚದುರಿಹೋಗಿತ್ತು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಸಾವಿರಾರು ಕ್ಯಾಥೊಲಿಕರನ್ನು ಬಂಧಿಸಿ ಶ್ರೀರಂಗಪಟ್ಟಣಕ್ಕೆ ಕರೆತಂದನು. ಅವರು ಬ್ರಿಟಿಷರ ಪಕ್ಷಪಾತಿಗಳೆಂಬ ಸಂಶಯ ಅದಕ್ಕೆ ಒಂದು ಕಾರಣವಾಗಿತ್ತು. ಅವರಲ್ಲಿ ಬಹಳಷ್ಟು ಜನ ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದರು. ಅನೇಕರು ಇಸ್ಲಾಂ ಧರ್ಮಕ್ಕೆ ಸೇರಬೇಕಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣವು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ವಶವಾಯಿತು. ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನವನ್ನೇರಿದರು. ದಿವಾನ್ ಪೂರ್ಣಯ್ಯನವರು ಆಡಳಿತವನ್ನು ವಹಿಸಿಕೊಂಡರು. ಬದುಕುಳಿದ ಕರಾವಳಿಯ ಕ್ರೈಸ್ತರಲ್ಲಿ ಹಲವರು ಊರಿಗೆ ಮರಳಿದರು, ಕೆಲವರು ಇಲ್ಲಿಯೇ ನಿಂತರು. ಚದುರಿದ್ದ ಸಮುದಾಯವನ್ನು ಮತ್ತೆ ಒಗ್ಗೂಡಿಸಲು ಮೈಸೂರಿಗೆ ಬಂದವರು ದುಬಾ. ಒತ್ತಾಯದಿಂದ ಧರ್ಮ ಬಿಟ್ಟಿದ್ದವರನ್ನು ಅವರು ಮರಳಿ ಸೇರಿಸಿಕೊಂಡರು. ಶ್ರೀರಂಗಪಟ್ಟಣದಲ್ಲಿ ಆ ಕಾಲದ ಚರ್ಚೊಂದನ್ನು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಅವರ ಸ್ಥಾನ ಸೂಕ್ಷ್ಮವಾದುದಾಗಿತ್ತು. ಆ ವರ್ಷಗಳಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿತ್ತು. ಫ್ರೆಂಚರ ನೆರವನ್ನು ಬಯಸಿದ್ದ ಟಿಪ್ಪುವನ್ನು ಸೋಲಿಸಿ ಕಂಪನಿಯು ಗೆದ್ದುಕೊಂಡ ನಾಡಿನಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ಊರಿಂದೂರಿಗೆ ತಿರುಗಾಡುತ್ತಿದ್ದರು. ಆದರೂ ಕ್ರಾಂತಿಯ ಕಾಲದಲ್ಲಿ ಫ್ರಾನ್ಸ್ ಬಿಟ್ಟು ಬಂದ ಧರ್ಮಗುರು ಎಂಬ ಕಾರಣದಿಂದಲೂ, ಅವರ ಸರಳ ನಡತೆಯಿಂದಲೂ ಬ್ರಿಟಿಷ್ ಅಧಿಕಾರಿಗಳು ಅವರನ್ನು ನಂಬಿದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರಿಗೆ ಆಪ್ತರಾದರು. ಇದೇ ವಿಲ್ಕ್ಸ್ ಮುಂದೆ ಮೈಸೂರಿನ ಇತಿಹಾಸವನ್ನು ಬರೆದರು.

ಸಾತಳ್ಳಿಯ ರೈತ ನೆಲೆ

ಹೊಸದಾಗಿ ಕ್ರೈಸ್ತರಾದವರ ಮುಖ್ಯ ಕಷ್ಟ ಜೀವನೋಪಾಯದ್ದು ಎಂಬುದನ್ನು ದುಬಾ ಅನುಭವದಿಂದ ಅರಿತಿದ್ದರು. ಮತಾಂತರಗೊಂಡವನನ್ನು ಕುಲದವರು ಹೊರಗಿಡುತ್ತಿದ್ದರು. ಅವನಿಗೆ ಪಿತ್ರಾರ್ಜಿತ ಜಮೀನಿನ ಪಾಲು ಸಿಗುತ್ತಿರಲಿಲ್ಲ. ಊರಿನ ಕ್ಷೌರಿಕರ ಮತ್ತು ಅಗಸರ ಸೇವೆ ನಿಲ್ಲುತ್ತಿತ್ತು. ಮಕ್ಕಳಿಗೆ ಸಂಬಂಧ ಕುದುರುತ್ತಿರಲಿಲ್ಲ. ಮತ ಬದಲಾಯಿಸಿದವನ ಆಸ್ತಿಯ ಹಕ್ಕನ್ನು ರಕ್ಷಿಸುವ ಕಾನೂನು ಬ್ರಿಟಿಷ್ ಭಾರತದಲ್ಲಿ ಬಂದುದೇ 1850ರಲ್ಲಿ, ಅಂದರೆ ದುಬಾ ತೀರಿಕೊಂಡ ಎರಡು ವರ್ಷಗಳ ಅನಂತರ.

ಈ ಕಷ್ಟಕ್ಕೆ ಅವರು ಕಂಡುಕೊಂಡ ಪರಿಹಾರ ಬೇಸಾಯ. ಕ್ರೈಸ್ತ ಕುಟುಂಬಗಳನ್ನು ಒಂದೆಡೆ ನೆಲೆಗೊಳಿಸಿ, ಅವರು ಉತ್ತು ಬಿತ್ತಿ ಬದುಕುವಂತೆ ಮಾಡುವುದು ಅವರ ಉದ್ದೇಶವಾಗಿತ್ತು. ಹೀಗೆ ಸ್ಥಾಪಿತವಾದ ನೆಲೆಗಳಲ್ಲಿ ಮುಖ್ಯವಾದುದು ಹಾಸನದ ಸಮೀಪದ ಸಾತಳ್ಳಿ. ದಂಡಿನ ಸಂಬಳವನ್ನಾಗಲಿ ದೊರೆಗಳ ದಾನವನ್ನಾಗಲಿ ಅವಲಂಬಿಸದೆ, ರಾಗಿಯ ಹೊಲ ಮತ್ತು ಭತ್ತದ ಗದ್ದೆಯನ್ನು ನಂಬಿ ನಿಂತ ಕ್ರೈಸ್ತ ಗ್ರಾಮ ಅದು. ಅಲ್ಲಿನವರು ಸುತ್ತಮುತ್ತಲ ರೈತರಂತೆಯೇ ಕನ್ನಡ ನುಡಿ, ಹಳ್ಳಿಯ ಉಡುಗೆ ಮತ್ತು ಒಕ್ಕಲುತನವನ್ನು ಉಳಿಸಿಕೊಂಡರು.

ಹಾಸನ ಜಿಲ್ಲೆಯು ಸಾಮಾನ್ಯವಾಗಿ ಬೇಲೂರು, ಹಳೇಬೀಡು, ನುಗ್ಗೇಹಳ್ಳಿ ಮೊದಲಾದ ಊರುಗಳ ಹೊಯ್ಸಳ ದೇವಾಲಯಗಳಿಂದಲೂ ಶ್ರವಣಬೆಳಗೊಳದ ಗೊಮ್ಮಟನಿಂದಲೂ ಪರಿಚಿತ. ಅದೇ ಜಿಲ್ಲೆಯಲ್ಲಿ ಎರಡು ಶತಮಾನಗಳ ಹಿಂದಿನ ಕ್ರೈಸ್ತ ರೈತ ಸಮುದಾಯವೊಂದು ಇರುವುದು ದುಬಾ ಅವರ ಪ್ರಯತ್ನದ ಫಲ. ಇಂದು ಹಾಸನ ಜಿಲ್ಲೆಯ ಕ್ಯಾಥೊಲಿಕ್ ಧರ್ಮಕೇಂದ್ರಗಳು 1963ರಲ್ಲಿ ರಚನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ.

ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಪೂರ್ಣವಾಗಿ ಕಾಣಿಸಿಕೊಳ್ಳುವ ಶೆಟ್ಟಿಹಳ್ಳಿಯ ಚರ್ಚನ್ನು ದುಬಾ ಕಟ್ಟಿಸಿದರೆಂದು ಕೆಲವರು ಭಾವಿಸುವುದುಂಟು. ಫ್ರೆಂಚ್ ಪಾದ್ರಿಗಳು ಆ ಚರ್ಚನ್ನು ಕಟ್ಟಿದ್ದು 1860ರ ಸುಮಾರಿಗೆ. ದುಬಾ ಅವರು 1823ರಲ್ಲಿಯೇ ಭಾರತವನ್ನು ಬಿಟ್ಟಿದ್ದರು.

ಸಿಡುಬಿನ ವಿರುದ್ಧ ಲಸಿಕೆ

ಸಿಡುಬು ಆ ಕಾಲದ ಭೀಕರ ರೋಗಗಳಲ್ಲೊಂದು. ಕನ್ನಡ ನಾಡಿನ ಹಳ್ಳಿಗಳಲ್ಲಿ ಅದನ್ನು ಅಮ್ಮ ಎಂದು ಕರೆದು, ಊರ ಮಾರಿಯ ಮುನಿಸೆಂದು ಭಾವಿಸುತ್ತಿದ್ದರು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವನ್ನು ಮನುಷ್ಯರ ಚರ್ಮಕ್ಕೆ ಸೇರಿಸಿ ರೋಗವನ್ನು ತಡೆಯಬಹುದೆಂದು ತೋರಿಸಿದನು. ಭಾರತದಲ್ಲಿ ಮೊದಲ ಬಾರಿಗೆ ಈ ಲಸಿಕೆಯನ್ನು ಹಾಕಿದ್ದು 1802ರ ಜೂನ್‌ನಲ್ಲಿ, ಮುಂಬಯಿಯಲ್ಲಿ.

ಆಗ ಲಸಿಕೆಯನ್ನು ತಂಪಾಗಿ ಕಾಪಾಡುವ ಸಾಧನಗಳಿರಲಿಲ್ಲ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಕೆಲವೇ ದಿನಗಳಲ್ಲಿ ಇನ್ನೊಬ್ಬರ ತೋಳಿಗೆ ಸೇರಿಸಬೇಕಾಗಿತ್ತು. ಈ ಸರಪಳಿ ಎಲ್ಲಿಯಾದರೂ ಕಡಿದರೆ ಲಸಿಕೆಯೇ ಇಲ್ಲವಾಗುತ್ತಿತ್ತು. ಮೇಲಾಗಿ ಒಂದು ಜಾತಿಯ ಮಗುವಿನ ತೋಳಿನಿಂದ ಇನ್ನೊಂದು ಜಾತಿಯ ಮಗುವಿಗೆ ರಸ ಸೇರಿಸುವುದಕ್ಕೆ ತಂದೆತಾಯಿಗಳು ಸುಲಭವಾಗಿ ಒಪ್ಪುತ್ತಿರಲಿಲ್ಲ. ಹೀಗಾಗಿ ಆ ಕಾಲದಲ್ಲಿ ಲಸಿಕೆಯ ಕೆಲಸಕ್ಕೆ ವೈದ್ಯಜ್ಞಾನದಷ್ಟೇ ಜನರ ನಂಬಿಕೆಯೂ ಅಗತ್ಯವಾಗಿತ್ತು.

ಲಸಿಕೆ ಭಾರತಕ್ಕೆ ಬಂದ ಮರುವರ್ಷವೇ ದುಬಾ ಈ ಕೆಲಸಕ್ಕೆ ಇಳಿದರು. 1803–04ರ ಅವಧಿಯಲ್ಲಿ ಅವರ ಪ್ರಯತ್ನದಿಂದ ಲಸಿಕೆ ಪಡೆದವರ ಸಂಖ್ಯೆ 25,000ವನ್ನು ಮೀರಿತ್ತು. ಲಸಿಕೆ ಪಡೆದವರ ಈ ಸಂಖ್ಯೆಯನ್ನೂ, ಮುಂದೆ ಅವರೇ ಹೇಳಿಕೊಂಡಂತೆ ಅವರಿಂದ ಕ್ರೈಸ್ತರಾದವರ ಸಂಖ್ಯೆಯನ್ನೂ ಹೋಲಿಸಿದರೆ, ಜನರು ಅವರ ಮಾತನ್ನು ಯಾವ ವಿಷಯದಲ್ಲಿ ಒಪ್ಪಿಕೊಂಡರೆಂಬುದು ತಿಳಿಯುತ್ತದೆ. ಇಲ್ಲಿಂದ ಪ್ರಾರಂಭವಾದ ಹೋರಾಟ ಭಾರತದಲ್ಲಿ ಮುಗಿದದ್ದು 1975ರಲ್ಲಿ, ಸಿಡುಬಿನ ಕೊನೆಯ ಪ್ರಕರಣ ಪತ್ತೆಯಾದಾಗ.

ಆಚಾರ ವಿಚಾರಗಳನ್ನು ಕುರಿತ ಗ್ರಂಥ

ಹಿಂದೂ ಸಮಾಜವನ್ನು ಕುರಿತು ತಾವು ಕಂಡದ್ದನ್ನೂ ಕೇಳಿದ್ದನ್ನೂ ದುಬಾ ಫ್ರೆಂಚ್ ಭಾಷೆಯಲ್ಲಿ ಬರೆದಿಟ್ಟರು. 1806ರ ಹೊತ್ತಿಗೆ ಹಸ್ತಪ್ರತಿ ಸಿದ್ಧವಾಗಿತ್ತು. ಅದನ್ನು ಓದಿದ ವಿಲ್ಕ್ಸ್ ಮದರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್ ಅವರಿಗೆ ಶಿಫಾರಸು ಮಾಡಿದರು. ಕಂಪನಿಯು ಹಸ್ತಪ್ರತಿಯನ್ನು 2,000 ನಕ್ಷತ್ರ ವರಹಗಳಿಗೆ ಕೊಂಡುಕೊಂಡಿತು. ಒಂದು ವರಹಕ್ಕೆ ಮೂರೂವರೆ ರೂಪಾಯಿಯಂತೆ ಇದು ಸುಮಾರು 7,000 ರೂಪಾಯಿ. ತಾನು ಆಳಬೇಕಾದ ಜನರ ನಡೆನುಡಿಗಳನ್ನು ತಿಳಿಯುವ ಅಗತ್ಯ ಕಂಪನಿಗಿತ್ತು. ಧರ್ಮಪ್ರಚಾರಕರೊಬ್ಬರ ಬರವಣಿಗೆ ಹೀಗೆ ಆಡಳಿತಗಾರರ ಕೈಪಿಡಿಯಾಯಿತು.

ಇಂಗ್ಲಿಷ್ ಅನುವಾದವು 1816ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಈ ಮಧ್ಯೆ ದುಬಾ ಹಸ್ತಪ್ರತಿಯನ್ನು ತಿದ್ದಿ ವಿಸ್ತರಿಸಿದ್ದರು. ವಿಸ್ತರಿಸಿದ ಫ್ರೆಂಚ್ ಆವೃತ್ತಿ 1825ರಲ್ಲಿ ಪ್ಯಾರಿಸ್ಸಿನ ರಾಜಮುದ್ರಣಾಲಯದಿಂದ ಹೊರಬಂತು. ಅದನ್ನು ಆಧರಿಸಿ ಹೆನ್ರಿ ಬೋಶಾಂಪ್ ಸಿದ್ಧಪಡಿಸಿದ ಇಂಗ್ಲಿಷ್ ಆವೃತ್ತಿ 1897ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದವರು ವಿದ್ವಾಂಸ ಮ್ಯಾಕ್ಸ್ ಮುಲ್ಲರ್. ಇಂದು ಹೆಚ್ಚಾಗಿ ಓದುವುದು ಈ ಆವೃತ್ತಿಯನ್ನೇ.

ಗ್ರಂಥದಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಸಮಾಜ ಮತ್ತು ಜಾತಿ ವ್ಯವಸ್ಥೆಯನ್ನು, ಎರಡನೆಯದು ಬ್ರಾಹ್ಮಣರ ಆಶ್ರಮಧರ್ಮಗಳನ್ನು, ಮೂರನೆಯದು ದೇವತೆಗಳು, ದೇವಾಲಯಗಳು ಮತ್ತು ಉತ್ಸವಗಳನ್ನು ಕುರಿತದ್ದು. ಜೈನರ ಬಗ್ಗೆ ಪ್ರತ್ಯೇಕ ಅನುಬಂಧವಿದೆ. ಅದರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಪ್ರಸ್ತಾಪವೂ ಬರುತ್ತದೆ. ಮದುವೆ, ಉಪನಯನ, ಅಂತ್ಯಸಂಸ್ಕಾರ, ಊಟದ ನಿಯಮ, ಮಡಿ ಮೈಲಿಗೆ ಇವುಗಳ ವಿವರಗಳು ದೀರ್ಘವಾಗಿವೆ.

ಆಂಗ್ಲಿಕನ್ ಸಭೆ ಮತ್ತು 1813ರ ಸನ್ನದು

ದುಬಾ ಅವರ ಮುಂದಿನ ವಿವಾದವನ್ನು ಅರಿಯಲು ಆ ಕಾಲದ ಪ್ರಾಟೆಸ್ಟಂಟ್ ಸಭೆಗಳ ಸ್ಥಿತಿಯನ್ನು ತಿಳಿಯಬೇಕು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯು ರಾಷ್ಟ್ರೀಯ ಸಭೆ. ಅಲ್ಲಿನ ದೊರೆಯೇ ಅದರ ಲೌಕಿಕ ಮುಖ್ಯಸ್ಥ. ಭಾರತದಲ್ಲಿ ಅದು ಮೊದಲಿಗೆ ಕಂಪನಿಯ ನೌಕರರು ಮತ್ತು ಸೈನಿಕರ ಸಭೆಯಾಗಿತ್ತು. ಕಂಪನಿಯಿಂದ ಸಂಬಳ ಪಡೆಯುವ ಚಾಪ್ಲಿನ್ನರು ಅದರ ಪಾದ್ರಿಗಳಾಗಿದ್ದರು. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ 1808ರಲ್ಲಿ ಆರಂಭವಾಗಿ 1812ರಲ್ಲಿ ಪೂರ್ಣಗೊಂಡ ಸೇಂಟ್ ಮಾರ್ಕ್ಸ್ ಚರ್ಚು ಇಂಥ ಸಭೆಗೆ ಉತ್ತಮ ಉದಾಹರಣೆ. ಜನರ ಧರ್ಮವನ್ನು ಕೆಣಕಿದರೆ ವ್ಯಾಪಾರಕ್ಕೂ ಆಳ್ವಿಕೆಗೂ ಧಕ್ಕೆಯಾದೀತೆಂಬ ಅಂಜಿಕೆಯಿಂದ ಕಂಪನಿಯು ಧರ್ಮಪ್ರಚಾರಕರನ್ನು ದೂರವಿಟ್ಟಿತ್ತು.

1813ರ ಸನ್ನದು ಕಾಯಿದೆ ಈ ನೀತಿಯನ್ನು ಬದಲಾಯಿಸಿತು. ಧರ್ಮಪ್ರಚಾರಕರಿಗೆ ಪರವಾನಗಿ ಪಡೆದು ಭಾರತಕ್ಕೆ ಬರಲು ಅವಕಾಶವಾಯಿತು. ಕಲ್ಕತ್ತೆಯಲ್ಲಿ ಆಂಗ್ಲಿಕನ್ ಬಿಷಪ್ಪರ ಪೀಠ ಸ್ಥಾಪಿತವಾಗಿ, ಥಾಮಸ್ ಮಿಡ್ಲ್‌ಟನ್ ಮೊದಲ ಬಿಷಪ್ಪರಾಗಿ 1814ರಲ್ಲಿ ನೇಮಕಗೊಂಡರು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚನ್ನು 1816ರಲ್ಲಿ ಪ್ರತಿಷ್ಠಾಪಿಸಿದವರು ಅವರೇ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದರು. ದೇಶಭಾಷೆಗಳಲ್ಲಿ ಬೈಬಲನ್ನು ಹಂಚಿದರೆ ಭಾರತವು ಬೇಗನೆ ಕ್ರೈಸ್ತ ದೇಶವಾಗುವುದೆಂಬ ಉತ್ಸಾಹ ಇಂಗ್ಲೆಂಡಿನಲ್ಲಿ ಹಬ್ಬಿತ್ತು.

ಪತ್ರಗಳು ಮತ್ತು ವಿವಾದ

1823ರ ಜನವರಿ 15ರಂದು ದುಬಾ ಭಾರತವನ್ನು ಬಿಟ್ಟರು. ಪ್ರಯಾಣದ ವೆಚ್ಚವನ್ನು ಕಂಪನಿ ವಹಿಸಿತಲ್ಲದೆ ವಾರ್ಷಿಕ ವೇತನವನ್ನೂ ಗೊತ್ತುಮಾಡಿತು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಸಂಗ್ರಹ ಪ್ರಕಟವಾಯಿತು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯೇ ಅದರ ವಿಷಯ.

ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಅಸಾಧ್ಯವೆಂದು ದುಬಾ ಅದರಲ್ಲಿ ವಾದಿಸಿದರು. ಇಷ್ಟು ವರ್ಷಗಳಲ್ಲಿ ತಮ್ಮಿಂದ ಮತಾಂತರಗೊಂಡವರು 200ರಿಂದ 300 ಮಂದಿ ಮಾತ್ರ. ಅವರಲ್ಲಿಯೂ ಬಹುಪಾಲು ಬಡತನಕ್ಕೆ ಸಿಲುಕಿ ಬಂದವರು. ಮನಃಪೂರ್ವಕವಾದ ನಂಬಿಕೆಯಿಂದ ಬಂದವರು ವಿರಳ ಎಂದು ಒಪ್ಪಿಕೊಂಡರು. ಹಿಂದಿನ ಜೆಸ್ಯೂಟರು ಸ್ಥಳೀಯ ಆಚಾರಗಳಿಗೆ ಹೊಂದಿಕೊಂಡಿದ್ದರಿಂದ ಗೆಲುವು ಕಂಡರು, ರೋಮ್ ಆ ಹೊಂದಾಣಿಕೆಗಳನ್ನು ನಿಷೇಧಿಸಿದ್ದರಿಂದ ಧರ್ಮಸಭೆ ಕುಗ್ಗಿತು, ಯುರೋಪಿಯನ್ ಸೈನಿಕರ ಹಾಗೂ ಅಧಿಕಾರಿಗಳ ದುರ್ನಡತೆಯನ್ನು ಕಂಡು ಜನರು ಅವರ ಧರ್ಮವನ್ನೇ ತಿರಸ್ಕರಿಸಿದರು ಎಂಬುದು ಅವರ ವಿಶ್ಲೇಷಣೆ. ಬೈಬಲಿನ ಅನುವಾದಗಳನ್ನು ಹಂಚುವುದೂ ನಿಷ್ಪ್ರಯೋಜಕವೆಂದರು. ಭಾಷೆ ಒರಟಾಗಿದ್ದರೆ ಓದುಗರು ನಗುತ್ತಾರೆ. ಪಶುಬಲಿ ಮತ್ತು ಮಾಂಸಾಹಾರದ ಪ್ರಸಂಗಗಳು ಅವರಿಗೆ ಅಸಹ್ಯ ತರುತ್ತವೆ ಎಂದು ಕಾರಣ ಕೊಟ್ಟರು.

ಇದೇ ಸಂಗ್ರಹದಲ್ಲಿ ಇನ್ನೊಂದು ಮುಖ್ಯ ಬರಹವಿದೆ. ಶ್ರೀರಾಮಪುರದ ಬ್ಯಾಪ್ಟಿಸ್ಟ್ ಧರ್ಮಪ್ರಚಾರಕ ವಿಲಿಯಂ ವಾರ್ಡ್ ಹಿಂದೂ ಸ್ತ್ರೀಪುರುಷರ ನಡತೆಯ ಮೇಲೆ ಕಟುವಾದ ಆಕ್ಷೇಪಗಳನ್ನು ಮಾಡಿದ್ದರು. ದುಬಾ ಅವುಗಳನ್ನು ಅಲ್ಲಗಳೆದು, ತಾವು ನೆರೆಹೊರೆಯಲ್ಲಿ ಬಾಳಿದ ಜನರ ಕುಟುಂಬ ಜೀವನವನ್ನೂ ಹೆಣ್ಣುಮಕ್ಕಳ ಶೀಲವನ್ನೂ ಸಮರ್ಥಿಸಿದರು. ಮತಾಂತರದಲ್ಲಿ ಸೋತೆನೆಂದು ಹೇಳಿಕೊಂಡ ಪಾದ್ರಿಯೇ, ತಮ್ಮ ಧರ್ಮಕ್ಕೆ ಒಲಿಯದ ಜನರ ಪರವಾಗಿ ನಿಂತದ್ದು ಆ ಕಾಲಕ್ಕೆ ಅಪರೂಪ.

ಪತ್ರಗಳಿಗೆ 1824ರಲ್ಲಿಯೇ ಉತ್ತರಗಳು ಬಂದವು. ಆಂಗ್ಲಿಕನ್ ಪಾದ್ರಿ ಜೇಮ್ಸ್ ಹಫ್ ತಿರುನೆಲ್ವೇಲಿ ಸೀಮೆಯ ಪಾಳಯಂಕೋಟೆಯಲ್ಲಿ ಕಂಪನಿಯ ಚಾಪ್ಲಿನ್ನರಾಗಿದ್ದವರು. ಅಲ್ಲಿನ ಪ್ರಾಟೆಸ್ಟಂಟ್ ಸಭೆಗಳನ್ನು ಕಣ್ಣಾರೆ ಕಂಡಿದ್ದ ಅವರು, ದುಬಾ ಕಂಡ ಸೋಲು ಕ್ಯಾಥೊಲಿಕ್ ವಿಧಾನದ ಸೋಲೇ ಹೊರತು ಕ್ರೈಸ್ತ ಧರ್ಮದ್ದಲ್ಲವೆಂದೂ, ಜನರ ಕೈಗೆ ಬೈಬಲನ್ನು ಕೊಡದಿದ್ದುದೇ ಅದರ ಕಾರಣವೆಂದೂ ವಾದಿಸಿದರು. ಬಂಗಾಳದಲ್ಲಿ ಕೆಲಸ ಮಾಡಿದ್ದ ಲಂಡನ್ ಮಿಷನ್ನಿನ ಹೆನ್ರಿ ಟೌನ್ಲಿ ಕೂಡ ಒಂದು ಉತ್ತರವನ್ನು ಪ್ರಕಟಿಸಿದರು. ಧರ್ಮಪ್ರಚಾರವನ್ನು ಒಪ್ಪದ ಕಂಪನಿಯ ಪಕ್ಷದವರಿಗೆ ಮಾತ್ರ ದುಬಾ ಅವರ ಪತ್ರಗಳು ಒಳ್ಳೆಯ ಆಧಾರವಾದವು.

ಕೊನೆಯ ದಿನಗಳು

ಪ್ಯಾರಿಸ್ಸಿಗೆ ಮರಳಿದ ದುಬಾ ತಮ್ಮ ಸಂಘದ ಗುರುಮಠದಲ್ಲಿ ನಿರ್ದೇಶಕರಾದರು. ಅಲ್ಲಿ ಪೂರ್ವದೇಶಗಳಿಗೆ ಹೊರಡುವ ತರುಣ ಪಾದ್ರಿಗಳ ತರಬೇತಿ ನಡೆಯುತ್ತಿತ್ತು. 1836ರಿಂದ 1839ರವರೆಗೆ ಅವರು ಸಂಘದ ಮುಖ್ಯಸ್ಥರೂ ಆಗಿದ್ದರು. ಧರ್ಮಪ್ರಚಾರ ಫಲಿಸದೆಂದು ಬರೆದವರೇ ಧರ್ಮಪ್ರಚಾರಕರನ್ನು ಸಿದ್ಧಗೊಳಿಸುವ ಕೆಲಸವನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಬಿಡದೆ ಮಾಡಿದರು.

1826ರಲ್ಲಿ ಅವರು ಪಂಚತಂತ್ರವನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. ಇದಕ್ಕೆ ಅವರು ತಮಿಳು, ತೆಲುಗು ಮತ್ತು ಕನ್ನಡ ಪ್ರತಿಗಳನ್ನು ಬಳಸಿದ್ದರು. ಪರಮಾರ್ಥ ಗುರುವಿನ ಕತೆಗಳೂ ಈ ಪುಸ್ತಕದಲ್ಲಿ ಸೇರಿವೆ. 1848ರ ಫೆಬ್ರವರಿ 17ರಂದು ದುಬಾ ಪ್ಯಾರಿಸ್ಸಿನಲ್ಲಿ ನಿಧನರಾದರು.

ಗ್ರಂಥದ ಮೂಲವನ್ನು ಕುರಿತ ಚರ್ಚೆ

ದುಬಾ ಅವರ ಗ್ರಂಥವನ್ನು ಬಹುಕಾಲ ಅವರ ಸ್ವಂತ ಅನುಭವದ ದಾಖಲೆಯೆಂದೇ ಪರಿಗಣಿಸಲಾಗಿತ್ತು. ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ ಅವರ ಸಂಶೋಧನೆ 1987ರಲ್ಲಿ ಪ್ರಕಟವಾಗಿ ಈ ಅಭಿಪ್ರಾಯವನ್ನು ಬದಲಾಯಿಸಿತು. ದೆವೊ ಎಂಬ ಫ್ರೆಂಚ್ ಸೇನಾಧಿಕಾರಿ 1770ರ ದಶಕದಲ್ಲಿ ಸಿದ್ಧಪಡಿಸಿದ್ದ ಹಸ್ತಪ್ರತಿಯೊಂದನ್ನು ಅವರು ಪರಿಶೀಲಿಸಿದರು. ಅದರ ಮೂಲ ಜೆಸ್ಯೂಟ್ ಪಾದ್ರಿ ಕೂರ್ದೂ (1691–1779) ಬರೆದಿದ್ದ ಗ್ರಂಥವೆಂದೂ, ಆ ಗ್ರಂಥದ ಬಹಳಷ್ಟು ಭಾಗವನ್ನು ದುಬಾ ಹೆಸರು ಹೇಳದೆ ಬಳಸಿಕೊಂಡಿದ್ದಾರೆಂದೂ ತೋರಿಸಿದರು. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಇರುವ ಬಾಂಧವ್ಯವನ್ನು 1767ರಲ್ಲಿಯೇ ಗುರುತಿಸಿದ್ದವರು ಇದೇ ಕೂರ್ದೂ.

ಹೀಗಾಗಿ ಗ್ರಂಥದಲ್ಲಿನ ವಿವರಗಳೆಲ್ಲ 1800ರ ಸುಮಾರಿನ ಮೈಸೂರಿಗೆ ಸೇರಿದವೆಂದು ಹೇಳುವಂತಿಲ್ಲ. ಕೆಲವು ವಿವರಗಳು ಅದಕ್ಕಿಂತ ಹಿಂದಿನ ಕಾಲದವು, ಬೇರೆ ಸೀಮೆಯವು. ವಿದ್ಯಾರ್ಥಿಗಳು ಅದನ್ನು ಚರಿತ್ರೆಯ ಆಕರವಾಗಿ ಬಳಸುವಾಗ ಈ ಅಂಶವನ್ನು ಗಮನದಲ್ಲಿಡಬೇಕಾಗುತ್ತದೆ. ಮೈಸೂರು ಸೀಮೆಯಲ್ಲಿ ಅವರು ನಡೆಸಿದ ಸೇವೆ ಮಾತ್ರ ಈ ಚರ್ಚೆಗೆ ಒಳಪಡುವುದಿಲ್ಲ.

ಗ್ರಂಥದ ಮೇಲೆ ಬೇರೆ ಆಕ್ಷೇಪಗಳೂ ಇವೆ. ದುಬಾ ಸಮಾಜವನ್ನು ನೋಡಿದ್ದು ಬಹುತೇಕ ಬ್ರಾಹ್ಮಣರ ಆಚಾರಗಳ ಮೂಲಕ. ಜಾತಿ ವ್ಯವಸ್ಥೆಯು ಸಮಾಜವನ್ನು ಅರಾಜಕತೆಯಿಂದ ಕಾಪಾಡಿತೆಂದು ಅವರು ಹೊಗಳಿದರು. ಅದರಿಂದ ನೊಂದವರ ದೃಷ್ಟಿಗೆ ತಕ್ಕ ಸ್ಥಾನ ಕೊಡಲಿಲ್ಲ. ಇಡೀ ಜನಾಂಗಗಳನ್ನು ಒಂದೇ ಮಾತಿನಲ್ಲಿ ಹೀಗಳೆಯುವ ವಾಕ್ಯಗಳೂ ಅಲ್ಲಲ್ಲಿ ಬರುತ್ತವೆ. ಅವರ ಪತ್ರಗಳಲ್ಲಿರುವ ಸಹಾನುಭೂತಿಯ ಪಕ್ಕದಲ್ಲಿ ಇವನ್ನೂ ಇಟ್ಟು ನೋಡಬೇಕು.

ಪ್ರಭಾವ ಮತ್ತು ಮೌಲ್ಯಮಾಪನ

ಪರದೇಶದಿಂದ ಬಂದ ಸಭೆಯೊಂದು ಈ ನೆಲದ್ದಾಗಲು ಸಾಧ್ಯವೇ ಎಂಬುದು ದುಬಾ ಎತ್ತಿದ ಮೂಲ ಪ್ರಶ್ನೆ. ಸಾಧ್ಯವಿಲ್ಲವೆಂಬ ಅವರ ನಿರ್ಣಯ ಪೂರ್ತಿ ನಿಜವಾಗಲಿಲ್ಲ. ಆದರೆ ಈ ನೆಲದ್ದಾಗಲು ಸಭೆಗಳಿಗೆ ಬಹಳ ಕಾಲ ಹಿಡಿಯಿತು. ಆಂಗ್ಲಿಕನ್ ಸಭೆಯಲ್ಲಿ ಭಾರತೀಯರೊಬ್ಬರು ಮೊದಲ ಬಾರಿ ಬಿಷಪ್ಪರಾದುದು 1912ರಲ್ಲಿ, ದೋರ್ನಕಲ್ಲಿನ ವಿ. ಎಸ್. ಅಜರಯ್ಯ ಅವರ ಮೂಲಕ. ಆ ಸಭೆಯು ಇಂಗ್ಲೆಂಡಿನ ರಾಷ್ಟ್ರೀಯ ಸಭೆಯ ಅಧೀನದಿಂದ ಬಿಡುಗಡೆ ಹೊಂದಿ ಭಾರತ, ಬರ್ಮಾ ಮತ್ತು ಸಿಲೋನ್ ಸಭೆಯೆಂಬ ಸ್ವತಂತ್ರ ಸಂಸ್ಥೆಯಾದುದು 1930ರಲ್ಲಿ. 1947ರ ಸೆಪ್ಟೆಂಬರ್ 27ರಂದು ದಕ್ಷಿಣದ ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಪ್ರಾಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚು ಈಗ ಅದಕ್ಕೆ ಸೇರಿದೆ. ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಬಲಿಪೂಜೆಯನ್ನು ಲ್ಯಾಟಿನ್ ಬದಲಿಗೆ ಜನರ ಭಾಷೆಯಲ್ಲಿ ಅರ್ಪಿಸುವುದು ರೂಢಿಗೆ ಬಂದುದು 1962–65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ಅನಂತರ.

ದುಬಾ ತಮ್ಮ ಕೆಲಸವನ್ನು ಮತಾಂತರಗಳ ಲೆಕ್ಕದಿಂದ ಅಳೆದು ಸೋಲೆಂದರು. ಅವರ ಲೆಕ್ಕದಲ್ಲಿ ಸಾತಳ್ಳಿಯ ಹೊಲಗದ್ದೆಗಳಿಗೂ ಲಸಿಕೆಯಿಂದ ಉಳಿದ ಮಕ್ಕಳಿಗೂ ಹೆಚ್ಚಿನ ಸ್ಥಾನವಿರಲಿಲ್ಲ. ಕನ್ನಡ ನಾಡಿನ ಚರಿತ್ರೆಯಲ್ಲಿ ಅವರ ಹೆಸರು ಉಳಿದಿರುವುದು ಮಾತ್ರ ಮುಖ್ಯವಾಗಿ ಇವುಗಳಿಂದ.

ಮುಖ್ಯ ಕೃತಿಗಳು

ಭಾರತದ ಜನರ ಸ್ವಭಾವ, ನಡೆನುಡಿ ಮತ್ತು ಸಂಪ್ರದಾಯಗಳ ವಿವರಣೆ (ಇಂಗ್ಲಿಷ್ ಅನುವಾದ, ಲಂಡನ್, 1816, ವಿಸ್ತೃತ ಫ್ರೆಂಚ್ ಆವೃತ್ತಿ, ಪ್ಯಾರಿಸ್, 1825, ಬೋಶಾಂಪ್ ಆವೃತ್ತಿ, ಆಕ್ಸ್‌ಫರ್ಡ್, 1897)

ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳು (ಲಂಡನ್, 1823)

ಪಂಚತಂತ್ರ ಮತ್ತು ಪರಮಾರ್ಥ ಗುರುವಿನ ಕತೆಗಳು (ಫ್ರೆಂಚ್, ಪ್ಯಾರಿಸ್, 1826)